ಮಗಳ ಕೊರಳಿನ ಗಡ್ಡೆ

ಮಗಳಿಗೆ ಜಡೆ ಹಾಕುವಾಗ ನನ್ನ ಬೆರಳಿಗೆ ಅದು ತಾಕಿತು. ಎಡಗಿವಿಯ ಹಿಂದೆ, ಕೂದಲು ಮುಗಿಯುವ ಕಡೆ, ಶೇಂಗಾ ಕಾಳಿನಷ್ಟು ದಪ್ಪ. ಸ್ವಲ್ಪ ಕೆಳಗೆ ಇನ್ನೊಂದು. ನಾನು ಇಳಕಲ್ಲಿನಲ್ಲಿ ಮನೆಯಲ್ಲೇ ಕೂತು ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುವವಳು. ಕಣ್ಣಿಗೆ ಕಾಣದ ತೊಡಕೂ ನನ್ನ ಬೆರಳಿಗೆ ಗೊತ್ತಾಗುತ್ತದೆ. ಅವತ್ತು ಗೊತ್ತಾಗದೇ ಇದ್ದಿದ್ದರೆ ಎನಿಸಿತು. ಅವಳ ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರನ್ನು ಒಯ್ದದ್ದೂ ಇಂಥ ಗಡ್ಡೆಯೇ.

"ಯಾಕ ನಿಂತಿ? ಸಾಲಿಗೆ ಹೊತ್ತಾಗ್ತೈತಿ," ಎಂದಳು ಮಗಳು.

"ಇಲ್ಲಿ ನೋಯ್ತೈತೇನು?"

"ನೀ ಒತ್ತಿದ್ರ ನೋಯ್ತೈತಿ."

ಅತ್ತೆಯನ್ನು ಕರೆದೆ. ಅವರು ಹಿಟ್ಟಿನ ಕೈ ಒರೆಸಿಕೊಂಡು ಬಂದು ಮುಟ್ಟಿ ನೋಡಿ, ಕೂದಲು ಸರಿಸಿದರು. "ತಲಿತುಂಬ ಹೇನು. ಕೆರಕೊಂಡು ಹುಣ್ಣ ಮಾಡ್ಕೊಂಡಾಳ, ನೋಡಿಲ್ಲಿ ಹಕ್ಕಳಿ. ಅದಕ್ಕ ಗಡ್ಡಿ ಎದ್ದಾವು. ಏನೂ ಇಲ್ಲ ತಗೋ."

ಏನೂ ಇಲ್ಲ. ಅವರ ಬಾಯಿಂದ ಆ ಮಾತನ್ನು ನಾನು ಹಿಂದೆಯೂ ಕೇಳಿದ್ದೆ.

ನಮ್ಮ ಕಡೆ ಮೈಯಲ್ಲಿ ಗಡ್ಡೆ ಎದ್ದರೆ ಮೊದಲು ಗಾಯ ಹುಡುಕುತ್ತಾರೆ. ತೊಡೆಸಂದಿಯಲ್ಲಿ ಎದ್ದರೆ ಕಾಲಿಗೆ ಮುಳ್ಳು ನೆಟ್ಟಿದೆಯೇ ನೋಡುತ್ತಾರೆ, ಬಗಲಲ್ಲಿ ಎದ್ದರೆ ಕೈ ನೋಡುತ್ತಾರೆ. ಗಾಯ ಸಿಕ್ಕಿತೆಂದರೆ ಎಲ್ಲರಿಗೂ ಸಮಾಧಾನ. ನನ್ನ ಗಂಡ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದರು. ಕೈಗೆ ಗಾಯವಿಲ್ಲದ ದಿನವೇ ಇರಲಿಲ್ಲ. ಬಗಲಲ್ಲಿ ಗಡ್ಡೆ ಬಂದಾಗ ಅತ್ತೆ ಅಂಗೈ ತಿರುವಿ, ಕಲ್ಲಿನ ಚೂರು ತಾಗಿದ ಗಾಯ ತೋರಿಸಿದರು. ಅರಿಸಿನ ಹಚ್ಚಿದೆವು. ಗಾಯ ಮಾಯಿತು, ಗಡ್ಡೆ ಹಾಗೇ ಇತ್ತು. ಅಷ್ಟರಲ್ಲಿ ಬೇರೊಂದು ಗಾಯ ಆಗಿರುತ್ತಿತ್ತು, ಗಡ್ಡೆಗೆ ಹೊಸ ಕಾರಣ ಸಿಗುತ್ತಿತ್ತು. ಸಂಜೆಯ ಜ್ವರ, ಹಾಸಿಗೆ ತೊಯ್ಯುವ ಬೆವರು, ಸೊಂಟದಲ್ಲಿ ನಿಲ್ಲದ ಪ್ಯಾಂಟು, ಇಷ್ಟಾದ ಮೇಲೆ ಬಾಗಲಕೋಟೆಗೆ ಹೋದದ್ದು.

ಅಲ್ಲಿ ಗಡ್ಡೆಯ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅತ್ತೆ ನನ್ನನ್ನು ನೀರು ತರಲು ಕಳಿಸಿ ತಾವೊಬ್ಬರೇ ಒಳಗೆ ಹೋದರು. ನಾನು ಬಾಟಲಿ ತುಂಬಿಸಿಕೊಂಡು ಬರುವ ಹೊತ್ತಿಗೆ ಬೆಂಚಿನ ಮೇಲೆ ಕೂತಿದ್ದರು. "ಏನೂ ಇಲ್ಲ. ರಕ್ತ ಕಮ್ಮಿ ಆಗೇತಂತ," ಎಂದರು. ನಿಜ ನನಗೆ ತಿಳಿದದ್ದು ಔಷಧ ಏರಿಸುವ ಕೋಣೆಯ ಬಾಗಿಲ ಮೇಲೆ ಕ್ಯಾನ್ಸರ್ ವಿಭಾಗ ಎಂದು ಬರೆದಿದ್ದ ಫಲಕದಿಂದ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ನನಗೆ ಓದಲು ಬರುತ್ತದೆ ಎಂಬುದನ್ನು ಮನೆಯವರು ಮರೆತಿದ್ದರು.

ಹಾಗಾಗಿ ಮಗಳ ವಿಷಯದಲ್ಲಿ ನಾನು ಯಾರನ್ನೂ ನಂಬಲಿಲ್ಲ. ನಮ್ಮೂರಿನ ಡಾಕ್ಟರು ಹೇನಿನ ಔಷಧ ಬರೆದುಕೊಟ್ಟು ನಕ್ಕರು. ಆ ನಗೆ ಯಾಕೆ ಎಂದುಕೊಂಡೆ. ಹೊರಗೆ ಬರುವಾಗ ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತ ಹಿಂದೆ ಉಳಿದರು. ಕಣ್ಣಲ್ಲಿ ಏನಾದರೂ ಸನ್ನೆ ಮಾಡಿದರೇ ಎಂದು ತಿರುಗಿ ನೋಡಿದೆ. ಅವರು ಚಪ್ಪಲಿಯ ಬಾರನ್ನೇ ಸರಿಮಾಡುತ್ತಿದ್ದರು. ಅದೂ ನಾಟಕವೆಂದೇ ನನಗೆ ಕಂಡಿತು.

ಮರುವಾರ, ಹುನಗುಂದದ ಕಚೇರಿಯಲ್ಲಿ ಕೆಲಸವಿದೆ ಎಂದು ಹೇಳಿ ಮಗಳನ್ನು ಕರೆದುಕೊಂಡು ಬಸ್ ಹತ್ತಿದೆ. ಹುನಗುಂದದಲ್ಲಿ ಇಳಿಯಲಿಲ್ಲ. ಬಾಗಲಕೋಟೆಯಲ್ಲಿ ನನ್ನ ಗಂಡನಿಗೆ ಔಷಧ ಕೊಟ್ಟಿದ್ದ ಡಾಕ್ಟರಮ್ಮನ ಎದುರು ಹೋಗಿ ಕೂತೆ.

"ಒಬ್ಬಾಕೀನ ಬಂದೀರೇನು? ಅತ್ತಿಯವ್ರು ಬಂದಿಲ್ಲೇನು?" ಎಂದರು.

"ಬಂದಿಲ್ರಿ. ಹೇಳೂದೇನಿದ್ರೂ ನನಗ ಹೇಳ್ರಿ. ಈ ಸಲ ನೀರು ತರಾಕ ನಾ ಹೋಗಂಗಿಲ್ಲ."

"ಆತು, ನಿಮಗ ಹೇಳ್ತೇನಿ," ಎಂದರು. ಆಮೇಲೆ ಮಗಳನ್ನು ಮಲಗಿಸಿ ಕೊರಳು, ಬಗಲು, ತೊಡೆಸಂದಿ ಮುಟ್ಟಿ ನೋಡಿದರು. ಎಡಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರೆಳೆಯಲು ಹೇಳಿದರು.

"ಅಲ್ಲೇನ ನೋಡ್ತೀರಿ?" ನಾನು ಬಿಡಲಿಲ್ಲ.

"ಗುಲ್ಮ. ರಕ್ತ ಸೋಸಿ ನೋಡೂ ಜಾಗ ಅದು. ದಪ್ಪ ಆಗಿದ್ರ ಕೈಗೆ ಹತ್ತತಿತ್ತು. ಆಗಿಲ್ಲ."

ಆಮೇಲೆ ತಮ್ಮ ಕೊರಳನ್ನೇ ತೋರಿಸುತ್ತ ಹೇಳಿದರು. ಮೈತುಂಬ ಸಣ್ಣ ನಾಳಗಳಿವೆಯಂತೆ, ಅವುಗಳಲ್ಲಿ ತಿಳಿನೀರಿನಂಥ ರಸ ಹರಿಯುತ್ತದಂತೆ. "ಕುಳಗೇರಿ ಕ್ರಾಸಿನ್ಯಾಗ ದಾರಿ ಕೂಡತಾವಲ್ಲ, ಹಂಗ ಈ ನಾಳ ಕೂಡೂ ಕಡೆ ಗಡ್ಡಿ ಇರ್ತಾವು. ನನಗೂ ಅದಾವು, ನಿಮಗೂ ಅದಾವು. ಹಾದುಹೋಗೂ ರಸಾನ ಅಲ್ಲಿ ನಿಲ್ಲಿಸಿ ತಪಾಸ ಮಾಡ್ತಾವು."

"ಯಾರು ಮಾಡೂದು?"

"ಬಿಳಿ ಕಣ. ಎಲುಬಿನೊಳಗಿನ ಮಜ್ಜಿಯಾಗ ಹುಟ್ಟತಾವು. ಅದರಾಗ ಕೆಲವು ಎದಿ ಎಲುಬಿನ ಹಿಂದ ಒಂದು ಗ್ರಂಥಿಗೆ ಹೋಗಿ ಸಾಲಿ ಕಲೀತಾವು. ನಮ್ಮವ್ರು ಯಾರು, ಹೊರಗಿನವ್ರು ಯಾರು ಅನ್ನೂದೊಂದ ಪಾಠ. ತನ್ನವ್ರ ಮ್ಯಾಲೇ ಬೀಳೂವಂಥಾವನ್ನ ಅಲ್ಲೇ ಮುಗಸ್ತಾವು. ಉಳದಾವು ಈ ಗಡ್ಡಿಗೆ ಬಂದು ಕಾವಲು ಕೂಡತಾವು. ತಲ್ಯಾಗಿನ ಹುಣ್ಣಿನಿಂದ ರೋಗದ ಹುಳ ಇಳದು ಬಂತಂದ್ರ ಕಾವಲಿನ ಕಣ ಅಲ್ಲೇ ಒಂದಕ್ಕ ಹತ್ತಾಗ್ತಾವು. ಅದಕ್ಕ ಉಬ್ಬತೈತಿ. ಕೆಲಸ ಮುಗದ್ರ ಇಳೀತೈತಿ."

"ಅವರದ್ದು ಇಳೀಲಿಲ್ಲಲ್ರಿ."

"ಇಲ್ಲ. ಅಲ್ಲಿ ಹೊರಗಿನವ್ರು ಯಾರೂ ಬಂದಿದ್ದಿಲ್ಲ. ಕಾವಲಿಗಿದ್ದ ಕಣನ ಕೆಟ್ಟಿತ್ತು. ಬೆಳಿಯೂದು ನಿಲ್ಲಿಸಲಿಲ್ಲ."

ಇಷ್ಟು ದಿನ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಕೇಳಿ ಅಳು ಬರಲಿಲ್ಲ. ಮೈ ಹಗುರವಾದಂತೆ ಆಯಿತು.

"ಇಕೀದು ಮೆತ್ತಗೈತಿ, ಬೆರಳಿಗೆ ಸರದಾಡ್ತೈತಿ, ಒತ್ತಿದ್ರ ನೋಯ್ತೈತಿ. ನನಗ ಹುಣ್ಣಿಂದ ಅನಸ್ತೈತಿ. ರಕ್ತ ನೋಡೂಣು. ಹೇನು ಹೋಗಿ ಹುಣ್ಣು ಮಾಯಲಿ. ಆಮ್ಯಾಲೂ ಬೆಳದ್ರ ತುಂಡು ತಗದು ನೋಡೂಣು, ಆವಾಗೂ ನಿಮಗ ಹೇಳ್ತೇನಿ. ಅಲ್ಲೀತನಕ ದಿನಾ ಒತ್ತಬ್ಯಾಡ್ರಿ. ಒತ್ತಿ ಒತ್ತಿನೂ ಬಾಯ್ತೈತಿ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಮಗಳ ಮೊಣಕೈಗೆ ಅಂಟಿಸಿದ ಹತ್ತಿ ನೋಡಿದರು.

"ಹುನಗುಂದದ ಕಚೇರಿಯಾಗ ಈಗ ರಕ್ತಾನೂ ತಗೋತಾರೇನು?"

ನಾನು ಚೀಲ ಇಡಲು ಒಳಗೆ ಹೋದೆ. ಅವರು ಹಿಂದೆಯೇ ಬಂದು ಒಲೆಯ ಮುಂದೆ ಕೂತರು.

"ಅವತ್ತು ನಿನಗ ಯಾಕ ಹೇಳಲಿಲ್ಲ ಗೊತ್ತೇನು? ನಿನ್ನ ಮಾರಿಮ್ಯಾಗ ಏನೂ ನಿಲ್ಲಂಗಿಲ್ಲ. ನಿನ್ನ ನೋಡಿದ ಕೂಡ್ಲೇ ಅವಗ ತಿಳೀತಿತ್ತು. ನನ್ನ ಮಾರಿ ಮುದುಕಿ ಮಾರಿ, ಅದರಾಗ ಏನ ಓದ್ತಾನಂವಾ."

ಅದು ಮಗನಿಗಾಗಿ ಹೇಳಿದ ಸುಳ್ಳು ಎಂದು ನನಗೆ ಹೊಳೆದೇ ಇರಲಿಲ್ಲ. ಆದರೂ ಪೂರ್ತಿ ಒಪ್ಪಲು ಆಗಲಿಲ್ಲ. ಈಗಲೂ ಆಗಿಲ್ಲ.

ರಕ್ತದಲ್ಲಿ ದೋಷವೇನೂ ಕಾಣಲಿಲ್ಲ. ಅತ್ತೆ ದಿನವೂ ಔಷಧ ಹಚ್ಚಿ, ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ ಹೇನು ತೆಗೆದರು. ನನ್ನ ಕೈ ಮಾತ್ರ ಕೇಳಲಿಲ್ಲ. ಜಡೆಯ ನೆಪ, ಕಾಲರ್ ಸರಿಮಾಡುವ ನೆಪ, ಹೇಗಾದರೂ ಕೊರಳಿಗೆ ಹೋಗುತ್ತಿತ್ತು. "ಹಣ್ಣ ಮಾಗೇತೋ ಇಲ್ಲೋ ಅಂತ ನೋಡಿದಂಗ ನೋಡ್ತಿ. ಬಿಡ ಅದನ್ನ," ಎಂದು ಅತ್ತೆ ಬೈಯುತ್ತಿದ್ದರು.

ಒಂದು ದಿನ ಮಗಳು ನನ್ನ ಕೈ ತಳ್ಳಿ, ತನ್ನ ಬೆರಳುಗಳನ್ನು ನನ್ನ ದವಡೆಯ ಕೆಳಗೆ ಒತ್ತಿದಳು. ಅವಳ ಮುಖ ಬದಲಾಯಿತು.

"ಯವ್ವಾ, ನಿನಗೂ ಐತಿ."

"ಎಲ್ಲಾರಿಗೂ ಇರ್ತಾವು. ಏನೂ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಅವಳು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಗೊತ್ತಿತ್ತು. ನಾನು ಅತ್ತೆಯನ್ನು ಹಾಗೆಯೇ ನೋಡುತ್ತಿದ್ದೆ.

"ಅಪ್ಪಗ ಆಗಿದ್ದ ನನಗೂ ಆಗೇತೇನು? ಖರೆ ಹೇಳಬೇ."

ಅವಳನ್ನು ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಕಾವಲು, ಸಾಲಿ, ಉಬ್ಬುವುದು, ಇಳಿಯುವುದು, ಅಪ್ಪನದು ಇಳಿಯದೇ ಹೋದದ್ದು. ಅವಳದು ಇಳಿಯುತ್ತದೆ ಎಂದು ಡಾಕ್ಟರಿಗೆ ಅನಿಸಿದೆ, ಇಳಿಯದಿದ್ದರೆ ಮತ್ತೆ ನೋಡುತ್ತಾರೆ ಎಂದೂ ಹೇಳಿದೆ.

"ಅಪ್ಪಂದು ಯಾಕ ಕೆಟ್ಟಿತು?"

"ನನಗ ಗೊತ್ತಿಲ್ಲವ್ವಾ. ಡಾಕ್ಟರಿಗೂ ಗೊತ್ತಿಲ್ಲಂತ."

ಅದನ್ನು ಅವಳು ನಂಬಿದಳು. ಅವತ್ತಿನಿಂದ ನಾನೂ ಒತ್ತುವುದು ಬಿಟ್ಟೆ, ಅಂದರೆ ಬಹುಮಟ್ಟಿಗೆ ಬಿಟ್ಟೆ.

ಮತ್ತೆ ತೋರಿಸಲು ಹೋದಾಗ ಅತ್ತೆಯೂ ಬಂದರು. ಡಾಕ್ಟರಮ್ಮ ಮೂವರನ್ನೂ ಒಳಗೆ ಕರೆದರು. ಮಗಳ ಕಿವಿಯ ಹಿಂದೆ ಬೆರಳಾಡಿಸಿ, "ಎಲ್ಲಿತ್ತು ತೋರಸ್ರಿ," ಎಂದರು. ಕಣ್ಣು ಮುಚ್ಚಿದರೂ ಸಿಗುತ್ತಿದ್ದ ಜಾಗ, ನಾನೂ ಹುಡುಕಬೇಕಾಯಿತು. ಕೆಳಗಿನದು ಹೋಗಿತ್ತು. ಮೇಲಿನದು ಜೋಳದ ಕಾಳಿನಷ್ಟು ಉಳಿದಿತ್ತು. ಅಷ್ಟು ಉಳಿದರೂ ಉಳಿಯಬಹುದು, ಅದರಿಂದ ತೊಂದರೆಯಿಲ್ಲ ಎಂದರು ಡಾಕ್ಟರಮ್ಮ.

ಬರುವಾಗ ಮಗಳು ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಹುನಗುಂದ ದಾಟಿದ ಮೇಲೆ ನನ್ನ ಕೈ ಮೆಲ್ಲಗೆ ಅಲ್ಲಿಗೇ ಹೋಯಿತು.

"ಐತೇನು?" ಕಣ್ಣು ತೆರೆಯದೆ ಕೇಳಿದಳು.

"ಐತಿ. ಸಣ್ಣದು."

"ಇರಲಿ ಬಿಡು," ಎಂದು ಮಗ್ಗುಲು ಬದಲಿಸಿದಳು.