ವಿಮಾನಕ್ಕಿಂತ ಮೊದಲು ಹೊರಟ ಗಂಟು

ಹೈದರಾಬಾದಿನಿಂದ ಬೊಂಬಾಯಿಗೆ ವಿಮಾನದಲ್ಲಿ ಎರಡು ಮೂರು ಗಂಟೆಯ ದಾರಿ. ನಿಲಂಗಾದ ನಮ್ಮ ಮನೆಯಿಂದ ಉದಗೀರಿನ ರೈಲ್ವೆ ಸ್ಟೇಷನ್ನಿಗೆ ಚಕ್ಕಡಿಯಲ್ಲಿ ಇಡೀ ಹಗಲು ಸಾಲದು. ನಿಜಾಮರ ಕೊನೆಗಾಲದ ಈ ಲೆಕ್ಕ ನೆನಪಾದರೆ ಇಂದಿಗೂ ನನ್ನ ಟೆಂಪರ್ ಏರುತ್ತದೆ.

ಬೊಂಬಾಯಿಯಲ್ಲಿದ್ದ ಅಣ್ಣ ಓದಲು ವಿಲಾಯತಿಗೆ ಹೊರಟಿದ್ದ. ಶುಕ್ರವಾರ ಅಲ್ಲಿಂದ ಹಡಗು. ಮತ್ತೆ ಅವನ ಮುಖ ನೋಡುವುದು ಎಷ್ಟು ವರ್ಷಕ್ಕೋ. ಹೈದರಾಬಾದಿನಲ್ಲಿ ವಕೀಲರಾಗಿದ್ದ ಕಾಕಾ ಅವನನ್ನು ಕಳಿಸಿಕೊಡಲು ಗುರುವಾರದ ವಿಮಾನ ಹಿಡಿಯುವವರಿದ್ದರು. ನನಗೂ ಒಂದು ಸೀಟು ಬುಕ್ ಮಾಡಿ ಹೇಳಿಕಳಿಸಿದರು. ಕಾನ್ವೆಂಟಿನ ರಜೆಗೆ ಬಂದಿದ್ದ ನಾನು ಅಟ್ಲಾಸಿನ ಮೇಲೆ ಸ್ಕೇಲಿಟ್ಟು ದೂರ ಅಳೆದದ್ದೇ ಅಳೆದದ್ದು.

ಉದಗೀರಿನಲ್ಲಿ ಹೈದರಾಬಾದಿಗೆ ಹೋಗುವ ಬುಧವಾರದ ರೈಲು ಹಿಡಿಯಬೇಕೆಂದರೆ ಮಂಗಳವಾರವೇ ಮನೆ ಬಿಡಬೇಕು. ಮಂಗಳವಾರ ಒಳ್ಳೆಯದಲ್ಲ ಎಂದಳು ಅಜ್ಜಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅದಕ್ಕೆ ಪರಿಹಾರವೂ ಅವಳಲ್ಲೇ ಇತ್ತು. ಸೋಮವಾರ ಸಂಜೆ ನನ್ನ ಬಟ್ಟೆಯ ಗಂಟನ್ನು ನೆರೆಯ ಸಾವಕಾರರ ಮನೆಯಲ್ಲಿ ಇಡಿಸಿದಳು. ಇದು ಪ್ರಸ್ಥಾನ. ಗಂಟು ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆ. ಹೋಗುವಾಗ ಅದನ್ನು ಎತ್ತಿಕೊಂಡೇ ಹೋಗಬೇಕು.

ಬೆಳಗ್ಗೆ ಚಕ್ಕಡಿ ಹೂಡಿ ಹೋದರೆ ಸಾವಕಾರರ ಬಾಗಿಲಿಗೆ ಬೀಗ! ಮನೆಮಂದಿಯೆಲ್ಲ ಸಾಸ್ತೂರಿನ ಬೀಗರ ಮನೆಗೆ ಹೋಗಿದ್ದರು.

“ಎರಡು ಸೀರಿ ಅವ ಅದ್ರಾಗ. ಇರ್ಲಿ ಬಿಡು ಆಯಿ, ನಾ ಹೋಗ್ತೀನಿ,” ಎಂದೆ.

“ಪ್ರಸ್ಥಾನ ಬಿಟ್ಟು ಯಾರರೆ ಹೋಗ್ತಾರೇನ? ನೀ ನಿನ್ನೇನೇ ಹೊಂಟೀದಿ. ಈಗ್ಯಾಕ ಗಡಬಡಿ?”

“ನಿನ್ನೆ ಹೊಂಟಾಕಿ ಇಲ್ಲೇ ನಿಂತೀನಲ್ಲ!”

“ಇಂಗ್ರೇಜಿ ಸಾಲಿಗಿ ಹೋಗಿ ಬಾಯಿ ಒಂದು ಭಾಳ ಆಗ್ಯಾದ ನಿಂದು.”

ಅಪ್ಪ ಎತ್ತುಗಳನ್ನು ನೊಗದಿಂದ ಬಿಚ್ಚಿ ಮೇವು ಹಾಕಿದರು. ಅವರ ಆ ನಿಧಾನ, ಐ ಮಸ್ಟ್ ಸೇ, ಅಜ್ಜಿಯ ಹಟಕ್ಕಿಂತ ಹೆಚ್ಚು ಉರಿಸಿತು.

ಸಾವಕಾರರು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬುಧವಾರ ನಸುಕಿನಲ್ಲಿ ಅಪ್ಪ ಮತ್ತು ನಾನು ಹೊರಟು, ಎತ್ತುಗಳನ್ನು ಎಷ್ಟು ಹೊಡೆದರೂ ಉದಗೀರು ಮುಟ್ಟುವಾಗ ರೈಲು ಹೋಗಿಯಾಗಿತ್ತು. ಮರುದಿನದ ರೈಲು ಹತ್ತಿ ಪ್ರಯೋಜನವಿರಲಿಲ್ಲ. ನಮ್ಮ ಕಾಳುಕಡಿ ಮಾರಿಕೊಡುತ್ತಿದ್ದ ಅಡತಿ ಅಂಗಡಿಯವರ ಮನೆಯಲ್ಲಿ ಮಲಗಿ, ಗುರುವಾರ ಅದೇ ದಾರಿ ಹಿಡಿದು ವಾಪಸಾದೆವು.

ಚಕ್ಕಡಿಯ ಸಪ್ಪಳಕ್ಕೆ ಅವ್ವ ಅಂಗಳಕ್ಕೆ ಓಡಿ ಬಂದಳು.

“ಅಗಬಾಯಿ! ನೀ ಇಲ್ಲಿ? ಮುಂಜಾನಿ ವಿಮಾನ ನಮ್ಮೂರ ಮ್ಯಾಲಿಂದೇ ಹೋತಲ್ಲ! ಮಾಳಿಗಿ ಹತ್ತಿ ಎಲ್ಲಾರೂ ನಿನಗ ಕೈ ಬೀಸೀವಿ. ಆಯಿ ಅಂತೂ ಸೆರಗ ಬೀಸ್ಯಾರ.”

ಒಳಗಿನಿಂದ ಆಯಿ ಬಂದು ಕಂಬ ಹಿಡಿದು ನಿಂತಳು. “ಮತ್ತ ನಾವು ಕೈ ಬೀಸಿದ್ದು ಯಾರಿಗಿ?”

“ಕಾಕಾಗ,” ಎಂದೆ. “ಬಾಜೂಕ ಒಂದು ಖಾಲಿ ಖುರ್ಚಿ ಇತ್ತು, ಅದಕ್ಕ.”

ಮರುದಿನ ಅಣ್ಣನ ಹಡಗು ಹೊರಟಿತು.