ಎಡಕ್ಕೆ ಎಳೆಯುತ್ತಿದ್ದ ಕಾರು

“ಒಸಿ ಎಡಕ್ಕೆ ಎಳೆಯೋದು ಮಾತ್ರ ಹಂಗೇ ಬುಟ್ಬುಡಿ ಸಾಬ್ರೇ” ಅಂದೆ. ಚನ್ನಪಟ್ಟಣದ ಗ್ಯಾರೇಜಿನ ಸಾಬರು ನಮ್ಮ ಹಳೇ ಕಾರಿನಡಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದರು.

“ಅಜ್ಜೀ, ಸ್ಪ್ರಿಂಗ್ ಕುಸಿದೈತೆ, ವೀಲ್ ಅಲೈನ್‌ಮೆಂಟ್ ಹೋಗೈತೆ. ಹಂಗೇ ಬುಟ್ರೆ ನಿಮ್ ಮೊಮ್ಮಗಳು ಗದ್ದೆಗಿಳೀತಾಳೆ!”

ಪಕ್ಕದಲ್ಲಿದ್ದ ಮೊಮ್ಮಗಳು ನಕ್ಕಳು. ಹಾರೋಹಳ್ಳಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆ, ತಾತನ ಕಾರಲ್ಲೇ ಹೋಗ್ತೀನಿ ಅಂತ ಹಟ. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಸ್ಟೇರಿಂಗ್ ಹಿಡಿದದ್ದು ಇದೇ ಮೊದಲು. ನನ್ನ ಖುಷಿ ಹೇಳತೀರದು. ಆದರೂ ಆ ಎಳೆತ ಹೋಗುತ್ತಲ್ಲ ಅಂತ ಸಂಕಟವಾಗಿ ಇಬ್ಬರಿಗೂ ಅದರ ಕತೆ ಹೇಳಿದೆ. ನನ್ನ ತವರು ಅಕ್ಕೂರು. ಯಜಮಾನರು ಇದ್ದಾಗ, ಅಕ್ಕೂರಿನ ತಿರುವು ಹತ್ತಿರ ಬಂದ ಕೂಡಲೇ ಸ್ಟೇರಿಂಗ್ ಸಡಿಲ ಬಿಡೋರು. ಕಾರು ತಾನಾಗೇ ಎಡಕ್ಕೆ ವಾಲೋದು. “ನೋಡಮ್ಮಿ, ಇದಕ್ಕೂ ನಿನ್ ತವ್ರೇ ಬೇಕು” ಅಂತ ರೇಗಿಸುತ್ತಾ ಅಲ್ಲಿಗೇ ತಿರುಗಿಸೋರು. ಅವರು ಹೋದ ಮೇಲೆ ನಾನು ಆ ಕಡೆ ಹೋಗೇ ಇಲ್ಲ.

ಸಾಬರು ಹೊಸ ಸ್ಪ್ರಿಂಗ್ ಹಾಕಿ, ಚಕ್ರ ನೆಟ್ಟಗೆ ಮಾಡಿಕೊಟ್ಟರು. ವಾಪಸು ಬರುವಾಗ ಅಕ್ಕೂರಿನ ತಿರುವಿಗೆ ಒಸಿ ಮುಂಚೆ ಮೊಮ್ಮಗಳು ಕೈ ಸಡಿಲಿಸಿದಳು. ಕಾರು ಗೆರೆ ಎಳೆದಂಗೆ ನೆಟ್ಟಗೇ ಹೋಯಿತು. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ. ಅವಳು ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗಿಸಿಯೇ ಬಿಟ್ಟಳು.

ತವರಿನ ಬಾಗಿಲಲ್ಲಿ ಕಾರು ನಿಂತಾಗ ಅಭ್ಯಾಸಬಲದಿಂದ ಬಲಗಡೆ ನೋಡಿದೆ, ಅವರು ಇಳೀತಾರೇನೋ ಅನ್ನೋ ಹಾಗೆ. ಬೆರಳಲ್ಲಿ ಕೀ ತಿರುಗಿಸುತ್ತಾ ಇಳಿದವಳು ನನ್ನ ಮೊಮ್ಮಗಳು, ಥೇಟ್ ಅವರ ಥರಾನೇ.