ಗಂಟು ಕಟ್ಟದ ಅಲಸಂದಿ

ಮೊನ್ನೆ ಬೆಳಗಾವಿಯ ನಮ್ಮ ಮನೆಯಲ್ಲಿ ಸೊಸೆ ಬೆಲ್ಲದ ನೀರು ಕುದಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾರಿಶ್ವಾಡ ಹಳ್ಳಿಯಲ್ಲಿ ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹೆಂಗಸು ನೆನಪಾದರು.

ಎಪ್ಪತ್ತರ ದಶಕದ ಕೊನೆಗೆ ನಾನು ಅಲ್ಲಿ ಕೃಷಿ ಸಹಾಯಕನಾಗಿದ್ದೆ. ಕಾಕು ನನ್ನ ಬಾಡಿಗೆ ಖೋಲಿಯ ಪಕ್ಕದ ಮನೆಯವರು. ಗಂಡ ತೀರಿದ ಮೇಲೆ ತವರಿಗೆ ಬಂದು ಅಣ್ಣನ ಜೊತೆಗಿದ್ದರು. ಕಂಟಿ ಕಡಿದು ಆಗಷ್ಟೇ ಹಸನು ಮಾಡಿದ ಒಂದು ತುಂಡು ಹೊಲವನ್ನು ಅಣ್ಣ ತಂಗಿಗೆಂದೇ ಬಿಟ್ಟುಕೊಟ್ಟಿದ್ದರು. "ನನ್ನ ಹೊಲ" ಎನ್ನುವಾಗ ಕಾಕುವಿನ ದನಿಯೇ ಬೇರೆಯಾಗುತ್ತಿತ್ತು...

ಹೊಸ ಹೊಲಕ್ಕೆ ಅಲಸಂದಿ ಹಾಕುವಾಗ, ಹಳೆಯ ಅಲಸಂದಿ ಹೊಲದ ಮಣ್ಣನ್ನು ಒಂದು ಬುಟ್ಟಿ ತಂದು ಬೀಜಕ್ಕೆ ಕಲಸುವುದು ಅವರ ತಾಯಿಯಿಂದ ಬಂದ ರೂಢಿ. ನಾನು ನಕ್ಕುಬಿಟ್ಟೆ. ನನ್ನ ಹತ್ತಿರ ಕಪ್ಪು ಪುಡಿಯ ಪಾಕೀಟುಗಳಿದ್ದವು. ಅದರೊಳಗಿನ ಜೀವಾಣು ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಬೆಳೆಗೆ ಉಣಿಸುತ್ತದೆ ಎಂದು ವಿವರಿಸಿದೆ.

"ಮಣ್ಣಿನ ಬುಟ್ಟಿ ಯಾಕ್ರಿ ಕಾಕು? ಇದೊಂದು ಸಾಕ್ರಿ."

"ನೀವು ಕಲ್ತವರದೀರಿ. ಹೇಳಿದಂಗ ಮಾಡ್ತೀನ್ರಿ," ಎಂದರು.

ಬೆಲ್ಲದ ನೀರು ಕುದಿಸಿ ಆರಿಸಿ, ಪುಡಿ ಕಲಸಿ, ಬೀಜಕ್ಕೆ ಹಚ್ಚಿ ನೆರಳಲ್ಲಿ ಒಣಗಿಸಿದರು. ಆ ಪಾಕೀಟುಗಳು ಇಡೀ ಬೇಸಿಗೆ ನನ್ನ ಖೋಲಿಯ ಕಿಟಕಿಯಲ್ಲಿ, ಸುಡುಬಿಸಿಲಲ್ಲಿ ಬಿದ್ದಿದ್ದವು ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ತಂಪಿನಲ್ಲಿಡದಿದ್ದರೆ ಜೀವಾಣು ಸಾಯುತ್ತದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಡೆದೀತು ಅಂದುಕೊಂಡೆ...

ನಲವತ್ತು ದಿನಕ್ಕೆ ಹೊಲವೆಲ್ಲ ಹಳದಿ. ಒಂದು ಗಿಡ ಕಿತ್ತು ನೋಡಿದೆ. ಬೇರು ಬೋಳು, ಹೆಸರಿಗೊಂದು ಗಂಟಿಲ್ಲ. ಹಳೆಯ ಹೊಲದ ಆ ಬುಟ್ಟಿ ಮಣ್ಣು ಕಲಸಿದ್ದರೂ ಅದರಲ್ಲಿನ ಜೀವಾಣು ಗಂಟು ಕಟ್ಟುತ್ತಿತ್ತು. ದೀಪಾವಳಿ ಹೊತ್ತಿಗೆ ಕಾಕು ಹೊಲವನ್ನು ಅಣ್ಣನಿಗೇ ಮರಳಿ ಒಪ್ಪಿಸಿದರು.

ಮರುವರ್ಷ ಬೆಳಗಾವಿಯಿಂದ ಹೊಸ ಪಾಕೀಟುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅಣ್ಣ ಅದೇ ಹೊಲದಲ್ಲಿ ಬಿತ್ತಿದರು. ಬೆಳೆ ಕಡುಹಸಿರಾಗಿ ಎದ್ದಿತು. ಕಾಕು ಒಂದು ಗಿಡ ಕಿತ್ತು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದರು. ಒಳಗೆ ಕೆಂಪಗಿತ್ತು, ಜೀವಾಣು ಕೆಲಸ ಮಾಡುತ್ತಿರುವ ಗುರುತು.

"ಅದ ಹೊಲ, ಅದ ಪುಡಿ. ಹಂಗಾರ ನನ್ನ ಕೈಗುಣಾನ ಖರಾಬೇನ್ರಿ ಸಾಹೇಬ್ರ?"

ಆಗಲೇ ಹೇಳಬಹುದಿತ್ತು. "ಮಳಿ ಫರಕ ಆಗಿತ್ರಿ ಕಾಕು," ಎಂದೆ.

ಅವರು ನಂಬಲಿಲ್ಲ. ಆಮೇಲೆ ಬಿತ್ತನೆಗೆ ಮನೆಯವರೆಲ್ಲ ಹೊಲಕ್ಕಿಳಿದರೂ ಕಾಕು ಬದುವಿನ ಮೇಲೇ ನಿಲ್ಲುತ್ತಿದ್ದರು. ಬೀಜ ಮುಟ್ಟುತ್ತಿರಲಿಲ್ಲ. ಹೆಂಗಸರು ಕರೆದರೆ, "ನನ್ನ ಕೈ ಬ್ಯಾಡ್ರವಾ," ಎನ್ನುತ್ತಿದ್ದರು. ಮೂರು ಮುಂಗಾರು ಅವರು ಹಾಗೆ ನಿಂತದ್ದನ್ನು ನೋಡಿದೆ. ನೌಕರಿಯ ಭಯ, ಮರ್ಯಾದೆಯ ಭಯ... ಬೆಳಗಾವಿಗೆ ವರ್ಗವಾದಾಗ ಹೇಳದೆಯೇ ಹೊರಟುಬಂದೆ.

ಎಂಬತ್ತರ ದಶಕದ ನಡುವೆ ಒಮ್ಮೆ ಧೈರ್ಯ ಮಾಡಿ ಪಾರಿಶ್ವಾಡದ ಬಸ್ಸು ಹತ್ತಿದೆ. ಹಿಂದಿನ ಚಳಿಗಾಲದಲ್ಲೇ ಕಾಕು ಜ್ವರ ಬಂದು ತೀರಿಹೋಗಿದ್ದರು. ಅಣ್ಣನ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ.

"ನನಗ್ಯಾಕ ಹೇಳ್ತೀರಿ ಸಾಹೇಬ್ರ," ಎಂದರು ಅಣ್ಣ. "ಆಕೀಗೆ ಹೇಳಬೇಕಿತ್ತು."

ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಪಾಕೀಟು ತಂಪಿನಲ್ಲಿಡಿ ಎಂದು ಎಷ್ಟೋ ಊರುಗಳಲ್ಲಿ ಹೇಳಿದ್ದೇನೆ. ಯಾಕೆ ಎಂದವರಿಗೆ ಕಾಕುವಿನ ಸಂಗತಿ ಮಾತ್ರ ಹೇಳಿರಲಿಲ್ಲ. ಇಂದು ಬರೆದೆ. ಕೇಳಬೇಕಿದ್ದವರು ಇಲ್ಲ.